ಗಣಕದ ಕಡತಗಳು ಮತ್ತು ಕನ್ನಡ ಸಂಶೋಧಕ

೧

ಕಡತವೆಂಬ ಮಾತು ನಮ್ಮಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ವರ್ತಕರ ಲೆಕ್ಕಪತ್ರಗಳೂ ಮಠಗಳ ಆಯವ್ಯಯದ ವಿವರಗಳೂ ಬಹುಕಾಲ ಅದರಲ್ಲಿಯೇ ನಡೆದುಬಂದವು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಚಿರಪರಿಚಿತವಾದ ಆಕರಗಳಾಗಿವೆ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದುದು ಕಡತದ ದೊಡ್ಡ ಅನುಕೂಲ. ಅದೇ ಅದರ ದೊಡ್ಡ ಅಪಾಯವೂ ಆಗಿತ್ತು. ಇಂದು ಗಣಕಯಂತ್ರದ ಫೈಲಿಗೂ ನಾವು ಕಡತವೆಂದೇ ಕರೆಯುತ್ತಿದ್ದೇವೆ. ಗುಣದೋಷಗಳೆರಡರಲ್ಲಿಯೂ ಈ ಹೆಸರು ಅನ್ವರ್ಥವಾಗಿದೆಯೆಂದು ಹೇಳಬಹುದು.

ಕುಷಾಯಿಗೂಡದಲ್ಲಿ ವಾಸಮಾಡುವವರಿಗೆ ಗಣಕವು ಅಪರಿಚಿತ ವಸ್ತುವಲ್ಲ. ೧೯೬೭ರಲ್ಲಿ ಸ್ಥಾಪಿತವಾಗಿ, ಮುಂದೆ ಟಿ.ಡಿ.ಸಿ. ಮಾಲೆಯ ಗಣಕಗಳನ್ನು ಈ ದೇಶದಲ್ಲಿಯೇ ನಿರ್ಮಿಸಿದ ಇ.ಸಿ.ಐ.ಎಲ್. ಕಾರ್ಖಾನೆಯ ಹೆಸರೇ ನಮ್ಮ ಬಡಾವಣೆಯ ಚೌಕಕ್ಕೂ ಬಂದಿದೆ. ಆದರೆ ಗಣಕವನ್ನು ಬಲ್ಲವನು ತನ್ನ ಕಡತಗಳನ್ನೂ ಬಲ್ಲನೆಂದು ಭಾವಿಸಲಾಗದು. ಈ ಲೇಖನಕ್ಕೆ ಕಾರಣವಾದ ಸಂಗತಿಯೊಂದನ್ನು ಮೊದಲಿಗೇ ಹೇಳಿಬಿಡುತ್ತೇನೆ.

ನಮ್ಮ ಬಳಗದ ಹಿರಿಯರೊಬ್ಬರು ನಿವೃತ್ತಿಯಾದ ಮೇಲೆ ತೆಲಂಗಾಣದ ಹಳ್ಳಿಗಳನ್ನು ಸುತ್ತಿ, ಕನ್ನಡ ಶಾಸನಗಳ ಛಾಯಾಚಿತ್ರಗಳನ್ನು ಸಂಗ್ರಹಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಪರದೇಶದಲ್ಲಿರುವ ಅವರ ಮಗನು ತಂದೆಯ ಸಂಗ್ರಹವಿದ್ದ ಡಿಸ್ಕನ್ನು ತಂದು, “ಇದು ನಿಮಗೆ ಉಪಯೋಗವಾದೀತು” ಎಂದು ನನ್ನ ಕೈಗಿತ್ತನು. ಅದರಲ್ಲಿ ೧೧,೦೦೦ಕ್ಕೂ ಮಿಕ್ಕಿದ ಕಡತಗಳಿದ್ದವು. ಬಹುಪಾಲು ಚಿತ್ರಗಳಿಗೆ ಕ್ಯಾಮರಾ ತಾನಾಗಿ ಕೊಟ್ಟ ಸಂಖ್ಯೆಯೇ ಹೆಸರು. ಫೋಲ್ಡರುಗಳಿಗೆ ‘ಹೊಸ ಫೋಲ್ಡರು’, ‘ಹೊಸ ಫೋಲ್ಡರು ೨’, ‘ಪೆನ್‌ಡ್ರೈವಿನದು’, ‘ಕಡೆಯದು’, ‘ನಿಜವಾಗಿ ಕಡೆಯದು’ ಎಂಬ ಹೆಸರುಗಳು. ಕಲ್ಲುಗಳ ಮೇಲಿನ ಅಕ್ಷರಗಳು ಎಷ್ಟೋ ಚಿತ್ರಗಳಲ್ಲಿ ಸ್ಪಷ್ಟವಾಗಿದ್ದವು. ಆದರೆ ಆ ಕಲ್ಲು ಯಾವ ಊರಿನದೆಂಬುದು ಎಲ್ಲಿಯೂ ಇರಲಿಲ್ಲ. ಆ ವಿವರವಿದ್ದುದು ಹಿರಿಯರ ನೆನಪಿನಲ್ಲಿ. ನೆನಪು ಅವರೊಡನೆ ಹೋಯಿತು. ಊರು ತಿಳಿಯದ ಶಾಸನವು ಸಹಿಯಿಲ್ಲದ ಚೆಕ್ಕಿನಂತೆ. ಬೆಲೆ ಇದ್ದರೂ ಚಲಾವಣೆಯಿಲ್ಲ.

ಇದು ಒಬ್ಬರ ಅಜಾಗರೂಕತೆಯ ಕಥೆಯಲ್ಲ. ಹೊರನಾಡಿನಲ್ಲಿದ್ದು, ಉದ್ಯೋಗದ ನಡುವೆ, ರಾತ್ರಿಯ ಒಂದೆರಡು ಗಂಟೆಗಳಲ್ಲಿ ಸಂಶೋಧನೆ ನಡೆಸುವ ನಮ್ಮೆಲ್ಲರ ಸ್ಥಿತಿಯೂ ಹೆಚ್ಚುಕಡಮೆ ಇದೇ ಆಗಿದೆ. ಆದುದರಿಂದ ಗಣಕದ ಕಡತವ್ಯವಸ್ಥೆಯನ್ನು ಕನ್ನಡ ಸಂಶೋಧಕನು ತನ್ನ ಕೆಲಸಕ್ಕೆ ತಕ್ಕಂತೆ ಅಳವಡಿಸಿಕೊಳ್ಳುವುದು ಹೇಗೆಂಬುದನ್ನು ಯಥಾಮತಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಗಣಕದಲ್ಲಿರುವ ಕಡತಗಳನ್ನು ಪಟ್ಟಿಮಾಡಿ ತೋರಿಸುವ, ನಕಲುಮಾಡುವ, ಸ್ಥಳಾಂತರಿಸುವ, ಹೆಸರು ಬದಲಿಸುವ ತಂತ್ರಾಂಶಕ್ಕೆ ಕಡತಪಾಲಕವೆಂದು, ಎಂದರೆ ಫೈಲ್ ಮ್ಯಾನೇಜರ್ ಎಂದು, ಹೆಸರು. ವಿಂಡೋಸ್ ಗಣಕದಲ್ಲಿ ೧೯೯೫ರಿಂದ ಎಕ್ಸ್‌ಪ್ಲೋರರ್ ಎಂಬುದು ಈ ಕೆಲಸವನ್ನು ಮಾಡುತ್ತ ಬಂದಿದೆ. ಇದಕ್ಕಿಂತ ಹಿಂದಿನ ಮತ್ತೊಂದು ಪರಂಪರೆಯೂ ಉಂಟು. ೧೯೮೬ರಲ್ಲಿ ಬಂದ ನಾರ್ಟನ್ ಕಮಾಂಡರ್ ಎಂಬುದು ತೆರೆಯನ್ನು ಎಡಬಲಗಳೆಂದು ಎರಡು ಪಾಲುಮಾಡಿ, ಒಂದರಲ್ಲಿ ಆಕರವನ್ನೂ ಮತ್ತೊಂದರಲ್ಲಿ ಗಮ್ಯವನ್ನೂ ತೋರಿಸಿತು. ಈ ಕ್ರಮವನ್ನೇ ಅನುಸರಿಸಿ ೧೯೯೩ರಲ್ಲಿ ಹುಟ್ಟಿದ ವಿಂಡೋಸ್ ಕಮಾಂಡರ್ ೨೦೦೨ರಲ್ಲಿ ಟೋಟಲ್ ಕಮಾಂಡರ್ ಎಂಬ ಹೆಸರು ತಳೆಯಿತು. ೧೯೯೪ರ ಮಿಡ್‌ನೈಟ್ ಕಮಾಂಡರ್ ಅದೇ ವಂಶದ್ದು. ಡಬಲ್ ಕಮಾಂಡರ್ ಎಂಬ ಉಚಿತ ತಂತ್ರಾಂಶವೂ, ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಡಾಲ್ಫಿನ್ ಎಂಬುದೂ ಇಮ್ಮಡಿ ಹಲಗೆಯ ಅನುಕೂಲವನ್ನು ಒದಗಿಸುತ್ತವೆ.

ಎರಡು ಹಲಗೆಗಳಿಂದ ಸಂಶೋಧಕನಿಗೆ ಆಗುವ ಲಾಭವೇನು? ಪ್ರವಾಸದಿಂದ ಬಂದ ದಿನ ಕ್ಯಾಮರಾದ ಚಿತ್ರಗಳು ಎಡಗಡೆ, ಸಂಗ್ರಹದ ಫೋಲ್ಡರು ಬಲಗಡೆ. ಎರಡೂ ಏಕಕಾಲಕ್ಕೆ ಕಣ್ಣೆದುರಿಗಿರುತ್ತವೆ. ಯಾವುದನ್ನು ಎಲ್ಲಿಗೆ ಸಾಗಿಸುತ್ತಿದ್ದೇವೆಂಬ ವಿಷಯದಲ್ಲಿ ಸಂಶಯಕ್ಕೆ ಎಡೆಯಿರದು. ಬ್ಯಾಂಕಿನ ಖಾತೆಯಲ್ಲಿ ಖರ್ಚು ಜಮಾಗಳು ಎದುರುಬದುರಾಗಿರುವುದಕ್ಕೂ ಇದೇ ಕಾರಣ.

ಆದರೆ ತಂತ್ರಾಂಶವನ್ನು ತನ್ನಂತೆ ಮಾಡಿಕೊಳ್ಳುವುದೆಂದರೆ ಬಣ್ಣವನ್ನೂ ಚಿತ್ರಲಾಂಛನಗಳನ್ನೂ ಬದಲಿಸುವುದಲ್ಲ. ಮೊದಲು ತನ್ನ ಕೆಲಸದ ಕ್ರಮವನ್ನು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ನನ್ನ ಮಟ್ಟಿಗೆ ಆ ಕ್ರಮವು ನಾಲ್ಕು ಹಂತಗಳದು: ಬಂದ ಸಾಮಗ್ರಿ, ಓದಿ ಗುರುತಿಸಿದ ಸಾಮಗ್ರಿ, ಬರವಣಿಗೆ, ಪ್ರಕಟವಾದುದು. ಯಾವ ಕಡತವೂ ಈ ನಾಲ್ಕರಲ್ಲಿ ಒಂದರೊಳಗೆ ಇರಲೇಬೇಕು. ಮಿಕ್ಕ ವ್ಯವಸ್ಥೆಯೆಲ್ಲ ಈ ನಾಲ್ಕು ಮನೆಗಳ ನಡುವಣ ಓಡಾಟವನ್ನು ಸುಗಮಗೊಳಿಸುವುದಕ್ಕಾಗಿ ಇರುವಂಥದು.

೩

ಫೋಲ್ಡರುಗಳ ಒಳವಿಭಾಗವನ್ನು ಯಾವ ತತ್ತ್ವದ ಮೇಲೆ ಮಾಡಬೇಕು? ಶಾಸನಾಭ್ಯಾಸಿಗಳಿಗೆ ತಟ್ಟನೆ ಹೊಳೆಯುವುದು ಜಿಲ್ಲಾವಾರು ವಿಭಾಗ. ಬಿ. ಎಲ್. ರೈಸರು ೧೮೮೬ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಜಿಲ್ಲೆ ತಾಲೂಕುಗಳ ಕ್ರಮದಲ್ಲಿವೆ. ತಾಲೂಕಿನ ಹೆಸರು, ಅದರ ಮುಂದೆ ಕ್ರಮಸಂಖ್ಯೆ, ಇಷ್ಟರಿಂದಲೇ ಶಾಸನವನ್ನು ನಿರ್ದೇಶಿಸುವ ಪದ್ಧತಿ ಬಹುಕಾಲದಿಂದ ನಡೆದಿದೆ. ಅಚ್ಚಾದ ಸಂಪುಟಕ್ಕೆ ಇದು ಸಲ್ಲುತ್ತದೆ. ಅದೇಕೆಂದರೆ ಅಚ್ಚಾದ ಪುಸ್ತಕವು ತನ್ನ ಕಾಲದ ಜಿಲ್ಲೆಯೊಡನೆಯೇ ನಿಂತುಬಿಡುತ್ತದೆ. ಬೆಳೆಯುತ್ತಿರುವ ಸಂಗ್ರಹದ ಗತಿ ಹಾಗಲ್ಲ.

ಜಿಲ್ಲೆಗಳು ಎಷ್ಟು ಚಂಚಲವೆಂಬುದನ್ನು ನೋಡಿ. ಹೈದರಾಬಾದು ಸಂಸ್ಥಾನದಲ್ಲಿದ್ದ ಬೀದರ, ಗುಲಬರ್ಗ, ರಾಯಚೂರುಗಳ ಕನ್ನಡ ಭಾಗಗಳು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ರಾಯಚೂರಿನಿಂದ ಕೊಪ್ಪಳವು ೧೯೯೭ರಲ್ಲಿಯೂ, ಗುಲಬರ್ಗದಿಂದ ಯಾದಗಿರಿಯು ೨೦೦೯ರಲ್ಲಿಯೂ ಬೇರೆಯಾದವು. ೨೦೧೪ರಲ್ಲಿ ಗುಲಬರ್ಗವೇ ಕಲಬುರಗಿಯಾಯಿತು. ತೆಲಂಗಾಣದಲ್ಲಿ ೨೦೧೬ರ ಪುನರ್ವಿಂಗಡಣೆಯಿಂದ ೧೦ ಜಿಲ್ಲೆಗಳು ೩೧ ಆಗಿ, ೨೦೧೯ರಲ್ಲಿ ೩೩ ಆದವು. ಪಂಪನ ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡವು ಕರೀಂನಗರ ಜಿಲ್ಲೆಯಿಂದ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಹೋಯಿತು. ಚಾಳುಕ್ಯರ ಕನ್ನಡ ಶಾಸನಗಳಿರುವ ಕೊಲನುಪಾಕವು ನಲಗೊಂಡದಿಂದ ಯಾದಾದ್ರಿ ಭುವನಗಿರಿಗೆ ಸೇರಿತು. ದೂರವೇಕೆ? ನಮ್ಮ ಕುಷಾಯಿಗೂಡವೇ ಮೊದಲು ಹೈದರಾಬಾದು ಜಿಲ್ಲೆ, ೧೯೭೮ರಿಂದ ರಂಗಾರೆಡ್ಡಿ ಜಿಲ್ಲೆ, ೨೦೧೬ರಿಂದ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆ. ಊರು ಕದಲಲಿಲ್ಲ, ವಿಳಾಸ ಮಾತ್ರ ಕದಲಿತು. ಜಿಲ್ಲೆಯನ್ನೇ ನೆಮ್ಮಿದ ಫೋಲ್ಡರುಮರದಲ್ಲಿ ಪ್ರತಿಸಲವೂ ಕೊಂಬೆಗಳನ್ನು ಕಡಿದು ಕಸಿಮಾಡಬೇಕಾಗುತ್ತದೆ. ಟಿಪ್ಪಣಿಗಳಲ್ಲಿ ಬರೆದಿಟ್ಟ ಹಳೆಯ ಜಾಡುಗಳೆಲ್ಲ ತಪ್ಪಿಹೋಗುತ್ತವೆ.

ಇನ್ನೊಂದು ತೊಡಕು. ಫೋಲ್ಡರಿನಲ್ಲಿ ಒಂದು ವಸ್ತುವಿಗೆ ಒಂದೇ ಸ್ಥಾನ. ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟದ ಮೇಲಿರುವ ಜಿನವಲ್ಲಭನ ಶಾಸನವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಉಂಟು. ಜಿನವಲ್ಲಭನು ಪಂಪನ ತಮ್ಮ. ಅದನ್ನು ಪಂಪನ ಫೋಲ್ಡರಿನಲ್ಲಿಡಬೇಕೆ, ಜೈನಧರ್ಮದಲ್ಲಿಯೆ, ತೆಲುಗು ಭಾಷೆಯ ಇತಿಹಾಸದಲ್ಲಿಯೆ, ಕರೀಂನಗರದಲ್ಲಿಯೆ? ಗ್ರಂಥಾಲಯಶಾಸ್ತ್ರದಲ್ಲಿ ಇದೇ ಸಮಸ್ಯೆಯನ್ನು ಎಸ್. ಆರ್. ರಂಗನಾಥನ್ ಅವರು ೧೯೩೩ರ ತಮ್ಮ ಕೋಲನ್ ವರ್ಗೀಕರಣದಲ್ಲಿ ಎದುರಿಸಿದರು. ಒಂದು ವಿಷಯವನ್ನು ಮರದ ಒಂದೇ ಕೊಂಬೆಗೆ ಕಟ್ಟದೆ, ಅದರ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ, ಒಂದರ ಮುಂದೊಂದು ಜೋಡಿಸಿ ಹೇಳುವುದು ಅವರ ಮಾರ್ಗ. ದೇಶ ಕಾಲಗಳೆರಡೂ ಆ ಮುಖಗಳಲ್ಲಿ ಸೇರಿವೆ. ಗಣಕದ ಕಡತಗಳಿಗೂ ಇದಕ್ಕಿಂತ ಮೇಲಾದ ಮಾರ್ಗ ನನಗೆ ಕಂಡಿಲ್ಲ. ಫೋಲ್ಡರುಗಳನ್ನು ಕೆಲವೇ ಮಾಡಿ, ಮುಖಗಳನ್ನು ಕಡತದ ಹೆಸರಿನಲ್ಲಿಯೇ ಜೋಡಿಸುವುದು ಉಚಿತ.

೪

ಹೆಸರಿನ ರಚನೆ ಹೀಗಿರಬಹುದು: ಊರು, ಊರೊಳಗಿನ ಸ್ಥಳ, ವಸ್ತುವಿನ ಬಗೆ, ದಿನಾಂಕ, ಕ್ರಮಸಂಖ್ಯೆ. ನಿದರ್ಶನಾರ್ಥವಾಗಿ,

ಕುರ್ಕ್ಯಾಲ_ಬೊಮ್ಮಲಗುಟ್ಟ_ಶಾಸನ_೨೦೧೯-೦೨-೧೭_೦೦೩

ಮುದ್ರಣದ ಸಲುವಾಗಿ ಇಲ್ಲಿ ಕನ್ನಡ ಅಂಕಿಗಳನ್ನು ಕೊಟ್ಟಿದ್ದರೂ, ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಂಕಿಗಳನ್ನು ಬಳಸುವುದು ಲೇಸು. ಕ್ಯಾಮರಾವೂ ಕಡತಪಾಲಕವೂ ತಾವಾಗಿ ಹಾಕುವ ಸಂಖ್ಯೆಗಳು ಆ ರೂಪದಲ್ಲಿಯೇ ಇರುತ್ತವೆ. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಅಕಾರಾದಿ ಜೋಡಣೆಯೇ ಕಾಲಾನುಕ್ರಮವೂ ಆಗುತ್ತದೆ. ೩ ಎಂಬುದನ್ನು ೦೦೩ ಎಂದು ಬರೆಯುವುದೂ ಇದೇ ಕಾರಣಕ್ಕಾಗಿ. ಇಲ್ಲವಾದರೆ ಕೆಲವು ತಂತ್ರಾಂಶಗಳಲ್ಲಿ ೧೦ ಎಂಬುದು ೨ಕ್ಕಿಂತ ಮುಂದೆ ಬಂದು ಕೂರುತ್ತದೆ. ಓರೆಗೀಟು, ಪ್ರಶ್ನಚಿಹ್ನೆ, ನಕ್ಷತ್ರಚಿಹ್ನೆ ಮುಂತಾದವನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲವಾದ ಕಾರಣ, ದಿನಾಂಕಗಳಲ್ಲಿಯೂ ಶಾಸನಸಂಖ್ಯೆಗಳಲ್ಲಿಯೂ ನಾವು ಹಾಕುವ ಓರೆಗೀಟನ್ನು ಬಿಟ್ಟು ಅಡ್ಡಗೀಟನ್ನು ಹಿಡಿಯಬೇಕು. ರಂಗನಾಥನ್ ಅವರ ಪದ್ಧತಿಗೆ ಹೆಸರನ್ನು ಕೊಟ್ಟ ಕೋಲನ್ ಚಿಹ್ನೆಗೂ ಅಲ್ಲಿ ಪ್ರವೇಶವಿಲ್ಲವೆಂಬುದು ವಿನೋದದ ಸಂಗತಿ.

ಪ್ರಕಟಿತ ಶಾಸನವಾದರೆ ಸಂಪುಟ ಮತ್ತು ಸಂಖ್ಯೆಯನ್ನೂ ಸೇರಿಸಬೇಕು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯು ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬರತೊಡಗಿತಷ್ಟೆ. ಹಳೆಯ ಆವೃತ್ತಿಯ ಸಂಖ್ಯೆಯೋ ಹೊಸದರದೋ ಎಂಬುದನ್ನು ಹೆಸರಿನಲ್ಲಿ ಸೂಚಿಸದಿದ್ದರೆ ಮುಂದೆ ಓದುವವನು ದಾರಿತಪ್ಪುವನು.

೫

ಈವರೆಗೆ ಹೇಳಿದುದು ಯಾವ ಭಾಷೆಯ ಸಂಶೋಧಕನಿಗಾದರೂ ಅನ್ವಯಿಸತಕ್ಕುದು. ಇನ್ನು ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳನ್ನು ಪರಿಶೀಲಿಸೋಣ.

ಮೊದಲನೆಯದು ಹಳೆಯ ಅಕ್ಷರಸಂಕೇತಗಳದು. ‘ಬರಹ’, ‘ನುಡಿ’ ಮುಂತಾದ ತಂತ್ರಾಂಶಗಳು ಕನ್ನಡಿಗರಿಗೆ ಗಣಕದಲ್ಲಿ ಬರೆಯುವುದನ್ನು ಕಲಿಸಿದವು. ಆ ಉಪಕಾರವನ್ನು ಮರೆಯಲಾಗದು. ಆದರೆ ಅವುಗಳ ಆರಂಭದ ಕಾಲದಲ್ಲಿ ಪಠ್ಯವು ನಿಜವಾಗಿ ರೋಮನ್ ಅಕ್ಷರಚಿಹ್ನೆಗಳ ಸ್ಥಾನದಲ್ಲಿ ಶೇಖರವಾಗುತ್ತಿತ್ತು. ಆಯಾ ಅಕ್ಷರಶೈಲಿಯ ಹೊದಿಕೆಯಿಂದ ಮಾತ್ರ ಅದು ಕನ್ನಡವಾಗಿ ತೋರುತ್ತಿತ್ತು. ಕಡತಪಾಲಕಕ್ಕೆ ಆ ಹೊದಿಕೆಯಿಲ್ಲ. ಆದುದರಿಂದ ಅಂತಹ ಲೇಖನಗಳೊಳಗೆ ‘ಬಸವಣ್ಣ’ ಎಂದು ಹುಡುಕಿದರೆ ಏನೂ ಸಿಕ್ಕದು. ಯುನಿಕೋಡಿನಲ್ಲಿ ಕನ್ನಡವು ೧೯೯೧ರ ಮೊದಲ ಆವೃತ್ತಿಯಿಂದಲೇ ಇದೆ. ಹಳೆಯ ಲೇಖನಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯುನಿಕೋಡಿಗೆ ತಂದು, ಮೂಲವನ್ನೂ ಪಕ್ಕದಲ್ಲಿಯೇ ಉಳಿಸಿಕೊಳ್ಳತಕ್ಕದ್ದು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳದು. ‘ಹೈದರಾಬಾದ್’ ಎಂದು ಬರೆದಾಗ ಕೊನೆಯ ಅರ್ಧಾಕ್ಷರದ ಮುಂದೆ, ಮುಂದಿನ ಅಕ್ಷರವು ಒತ್ತಾಗದಿರಲೆಂದು, ಅಗೋಚರವಾದ ವಿಯೋಜಕ ಚಿಹ್ನೆಯೊಂದನ್ನು ಕೆಲವರು ಒತ್ತುತ್ತಾರೆ. ಚಿಹ್ನೆಯಿರುವ ಹೈದರಾಬಾದಿಗೂ ಇಲ್ಲದ ಹೈದರಾಬಾದಿಗೂ ಕಣ್ಣಿಗೆ ಭೇದವಿಲ್ಲ. ಗಣಕಕ್ಕೆ ಮಾತ್ರ ಅವೆರಡೂ ಬೇರೆ ಹೆಸರುಗಳು. ಹಾಗೆಯೇ ‘ಕೊಪ್ಪಳ’ದ ಮೊದಲಕ್ಷರದಲ್ಲಿರುವ ಒಕಾರದ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎಕಾರ ಊಕಾರಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಮ್ಯಾಕ್ ಗಣಕಗಳು ೨೦೧೭ರವರೆಗೆ ಬಳಸುತ್ತಿದ್ದ ಕಡತವ್ಯವಸ್ಥೆಯು ಇಂತಹ ಗುಣಿತಗಳನ್ನು ಬಿಡಿಸಿಯೇ ದಾಖಲಿಸುತ್ತಿತ್ತು. ಅಲ್ಲಿಂದ ಬಂದ ‘ಕೊಪ್ಪಳ’ವೂ ಇಲ್ಲಿನ ‘ಕೊಪ್ಪಳ’ವೂ ಒಂದೇ ಫೋಲ್ಡರಿನಲ್ಲಿ ಅವಳಿಗಳಂತೆ ಕುಳಿತಿರುವುದನ್ನು ಕಂಡು, ಒಂದು ಹೆಚ್ಚಿನ ನಕಲೆಂದು ಭ್ರಮಿಸಿ ಅಳಿಸಿದವರಿದ್ದಾರೆ. ಅಳಿಸಿದವರಲ್ಲಿ ನಾನೂ ಒಬ್ಬನು. ಒಳಗನ್ನು ತೆರೆದು ನೋಡದೆ, ಹೆಸರು ಒಂದೇ ಎಂಬ ಕಾರಣದಿಂದ ಏನನ್ನೂ ಅಳಿಸಬಾರದು.

ಮೂರನೆಯದು ಅಕಾರಾದಿಯ ಪ್ರಶ್ನೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುತ್ತದೆ. ಯುನಿಕೋಡಿನ ಸಂಕೇತಸಂಖ್ಯೆಯಲ್ಲಿ ಅದು ಲಕಾರದ ಬಳಿ, ವಕಾರಕ್ಕಿಂತ ಮುಂದೆ ಇದೆ. ಹಳಗನ್ನಡದ ಱಕಾರವು ರಕಾರದ ಪಕ್ಕದಲ್ಲಿಯೂ, ೞಕಾರವು ಗುಣಿತಚಿಹ್ನೆಗಳಿಂದ ಆಚೆಗೂ ಬಿದ್ದಿವೆ. ಭಾಷೆಯ ನಿಯಮವನ್ನು ಅರಿತು ಜೋಡಿಸುವ ತಂತ್ರಾಂಶವು ‘ಕವಿ’ಯನ್ನು ಮೊದಲಿಟ್ಟು ‘ಕಳಸ’ವನ್ನು ಅನಂತರ ಇಡುತ್ತದೆ, ಕೇವಲ ಸಂಕೇತಸಂಖ್ಯೆಯನ್ನು ನೋಡುವ ತಂತ್ರಾಂಶವು ‘ಕಳಸ’ವನ್ನೇ ಮೊದಲಿಡುತ್ತದೆ. ಈ ಎರಡು ಹೆಸರುಗಳ ಬರಿದಾದ ಕಡತಗಳನ್ನು ಮಾಡಿ, ತಮ್ಮ ತಂತ್ರಾಂಶವು ಯಾವ ಜಾತಿಯದೆಂದು ವಾಚಕರು ಒಂದು ನಿಮಿಷದಲ್ಲಿ ಪರೀಕ್ಷಿಸಿಕೊಳ್ಳಬಹುದು. ಪರೀಕ್ಷೆಯ ಫಲವನ್ನು ತಿಳಿದವನು ಪಟ್ಟಿಯಲ್ಲಿ ಇಲ್ಲವೆಂದುಕೊಂಡುದನ್ನು ಮತ್ತೊಂದು ಕಡೆ ಹುಡುಕುವನು.

ನಾಲ್ಕನೆಯದು ಉದ್ದದ ಮಿತಿ. ಲಿನಕ್ಸಿನ ಬಳಕೆಯ ಕಡತವ್ಯವಸ್ಥೆಗಳಲ್ಲಿ ಹೆಸರಿಗೆ ೨೫೫ ಬೈಟುಗಳ ಮಿತಿಯಿದೆ. ಕನ್ನಡದ ಪ್ರತಿಯೊಂದು ಚಿಹ್ನೆಗೂ ೩ ಬೈಟುಗಳು ಬೇಕಾದ ಕಾರಣ, ನಮಗೆ ದಕ್ಕುವುದು ೮೫ ಚಿಹ್ನೆಗಳು ಮಾತ್ರ. ಅಕ್ಷರ ಬೇರೆ, ಚಿಹ್ನೆ ಬೇರೆ ಎಂಬುದನ್ನು ಇಲ್ಲಿ ನೆನೆಯಬೇಕು: ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ೬ ಚಿಹ್ನೆಗಳು, ೧೮ ಬೈಟುಗಳು. ವಿಂಡೋಸಿನಲ್ಲಿ ಹೆಸರಿನ ಮಿತಿಯನ್ನು ಚಿಹ್ನೆಗಳಲ್ಲಿಯೇ ಎಣಿಸಿದರೂ, ಫೋಲ್ಡರುಗಳನ್ನೂ ಸೇರಿಸಿಕೊಂಡ ಪೂರ್ಣ ಜಾಡಿಗೆ ೨೬೦ ಎಂಬ ಹಳೆಯ ಮಿತಿಯೊಂದು ಅನೇಕ ತಂತ್ರಾಂಶಗಳಲ್ಲಿ ಇನ್ನೂ ಉಳಿದಿದೆ. ಮೇಲೆ ಕೊಟ್ಟ ಕುರ್ಕ್ಯಾಲದ ಹೆಸರಿಗೆ, ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದರೆ, ೮೯ ಬೈಟುಗಳಾಗುತ್ತವೆ. ಅಷ್ಟರೊಳಗೆ ಬೇಕಾದುದೆಲ್ಲ ಅಡಕವಾಗಿರುವುದರಿಂದ ಮಿತಿಯನ್ನು ಕುರಿತು ಭಯಪಡಬೇಕಾಗಿಲ್ಲ. ಲೇಖನದ ಶೀರ್ಷಿಕೆಯನ್ನು ಇಡಿಯಾಗಿ ಕಡತದ ಹೆಸರಾಗಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು.

೬

ಹೆಸರಿನ ಕ್ರಮವು ನಿಶ್ಚಯವಾದ ಮೇಲೆ ತಂತ್ರಾಂಶವನ್ನು ಅದಕ್ಕೆ ಬಗ್ಗಿಸುವುದು ಸುಲಭ. ಮೊದಲು, ಕಡತದ ಬಗೆಯನ್ನು ಸೂಚಿಸುವ ಕೊನೆಯ ಭಾಗವು ಪಟ್ಟಿಯಲ್ಲಿ ಕಾಣುವಂತೆ ಮಾಡಿಕೊಳ್ಳಬೇಕು. ವಿಂಡೋಸ್ ಅದನ್ನು ತಾನಾಗಿ ಮರೆಮಾಡಿರುತ್ತದೆ. ಎರಡನೆಯದಾಗಿ, ಚಿಕ್ಕಚಿತ್ರಗಳ ನೋಟವನ್ನು ಬಿಟ್ಟು ವಿವರಗಳ ನೋಟವನ್ನು ಆರಿಸಿ, ಹೆಸರು, ಬಗೆ, ಗಾತ್ರ, ಬದಲಾದ ದಿನಾಂಕ ಎಂಬ ಅಂಕಣಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಮೂರನೆಯದಾಗಿ, ಹಿಂದೆ ಹೇಳಿದ ನಾಲ್ಕು ಹಂತಗಳ ಫೋಲ್ಡರುಗಳನ್ನು ಎಡಬದಿಯ ಶೀಘ್ರಪಟ್ಟಿಗೆ ಅಂಟಿಸಿಡಬೇಕು. ಟೋಟಲ್ ಕಮಾಂಡರಿನಲ್ಲಿ ಇದಕ್ಕಾಗಿಯೇ ಒಂದು ಸ್ಥಳಪಟ್ಟಿಯಿದ್ದು, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ.

ಅತ್ಯಂತ ಉಪಯುಕ್ತವಾದುದು ಸಾಮೂಹಿಕ ಪುನರ್ನಾಮಕರಣ. ಒಂದು ಊರಿನಲ್ಲಿ ತೆಗೆದ ೬೦ ಚಿತ್ರಗಳನ್ನು ಒಟ್ಟಿಗೆ ಆರಿಸಿ, ಊರು ಸ್ಥಳಗಳ ಹೆಸರನ್ನು ಒಂದು ಸಲ ಬರೆದು, ದಿನಾಂಕವನ್ನೂ ಕ್ರಮಸಂಖ್ಯೆಯನ್ನೂ ತಂತ್ರಾಂಶವೇ ತುಂಬುವಂತೆ ಸೂತ್ರ ಕೊಟ್ಟರೆ, ಅರೆನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹೊಸ ಹೆಸರುಗಳು ಜಾರಿಗೆ ಬರುವ ಮುನ್ನ ಹಳೆಯವುಗಳ ಎದುರಿಗೆ ಪಟ್ಟಿಯಾಗಿ ತೋರುತ್ತವೆ. ಅದನ್ನು ಓದದೆ ಒಪ್ಪಿಗೆ ಕೊಡಬಾರದು. ಬ್ಯಾಂಕಿನಲ್ಲಿ ಒಬ್ಬನು ನಮೂದಿಸಿದುದನ್ನು ಇನ್ನೊಬ್ಬನು ಪರಿಶೀಲಿಸಿ ಅಂಗೀಕರಿಸುವುದು ನಿಯಮ. ಮನೆಯಲ್ಲಿ ಇನ್ನೊಬ್ಬನಿಲ್ಲದ ಕಾರಣ, ನಮೂದಿಸುವ ನಾನೇ ಒಂದು ಲೋಟ ಕಾಫಿ ಕುಡಿದು ಬಂದು ಪರಿಶೀಲಿಸುವ ನಾನಾಗುತ್ತೇನೆ. ಈ ಕೆಲಸವನ್ನು ಪ್ರವಾಸದಿಂದ ಬಂದ ದಿನವೇ ಮಾಡತಕ್ಕದ್ದು. ಒಂದು ವಾರ ಕಳೆದರೆ ಯಾವ ವೀರಗಲ್ಲು ಯಾವ ಗುಡಿಯ ಬಳಿಯದೆಂಬುದು ಮಸುಕಾಗುತ್ತದೆ.

ಹೆಸರಿನ ಬದಲು ಕಡತಕ್ಕೆ ಟ್ಯಾಗುಗಳನ್ನು ಹಚ್ಚಬಾರದೆ ಎಂದು ಕೇಳಬಹುದು. ಹಚ್ಚಬಹುದು, ಆದರೆ ಅವುಗಳ ನೆಲೆ ಎಲ್ಲಿಯೆಂಬುದನ್ನು ತಿಳಿದಿರಬೇಕು. ವಿಂಡೋಸ್ ಛಾಯಾಚಿತ್ರದ ಟ್ಯಾಗನ್ನು ಕಡತದೊಳಗೇ ಬರೆಯುತ್ತದೆ. ಸರಳಪಠ್ಯದ ಕಡತಕ್ಕೆ ಆ ಸೌಲಭ್ಯವಿಲ್ಲ. ಡಾಲ್ಫಿನ್ ಟ್ಯಾಗನ್ನು ಕಡತವ್ಯವಸ್ಥೆಯ ಬದಿಯಲ್ಲಿ ಬರೆಯುತ್ತದೆ. ಸಾಮಾನ್ಯ ಪೆನ್‌ಡ್ರೈವಿಗೆ ನಕಲಿಸಿದೊಡನೆ ಅದು ಕಳಚಿಹೋಗುತ್ತದೆ. ಟೋಟಲ್ ಕಮಾಂಡರಿನ ಟಿಪ್ಪಣಿಗಳು ಅದೇ ಫೋಲ್ಡರಿನ ಬೇರೊಂದು ಕಡತದಲ್ಲಿರುತ್ತವೆ. ಚಿತ್ರವನ್ನು ಮಾತ್ರ ಬೇರೆ ತಂತ್ರಾಂಶದಿಂದ ಸಾಗಿಸಿದರೆ ಟಿಪ್ಪಣಿ ಹಿಂದೆಯೇ ಉಳಿಯುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಮೂಲದ ಹೆಸರೂ ಸ್ಥಳಕಾಲಗಳ ಗುರುತೂ ಅಳಿದು, ಚಿತ್ರದ ಸೂಕ್ಷ್ಮತೆಯೂ ಕುಗ್ಗುತ್ತದೆ. ದಸ್ತಾವೇಜಿನ ರೂಪದಲ್ಲಿ ಕಳಿಸಿದರೆ ಉಳಿಯುತ್ತವೆ. ಇವೆಲ್ಲದರಿಂದ ಸಿದ್ಧವಾಗುವ ನಿಯಮವೊಂದೇ: ಕಳೆದುಹೋದರೂ ಆಗಬಹುದಾದುದನ್ನು ಟ್ಯಾಗಿನಲ್ಲಿಡಬಹುದು, ಕಳೆದುಹೋಗಬಾರದುದನ್ನು ಹೆಸರಿನಲ್ಲಿಡಬೇಕು.

ಒಂದು ಎಚ್ಚರಿಕೆಯ ಮಾತು. ಅಳವಡಿಕೆಯ ವ್ಯಾಮೋಹ ಅತಿಯಾದರೆ ಅಳವಡಿಕೆಯೇ ಕೆಲಸವಾಗಿ, ಸಂಶೋಧನೆ ಹಿಂದುಳಿಯುತ್ತದೆ. ವಾರಕ್ಕೆ ಒಂದು ಸಲವಾದರೂ ಬಳಸದ ಗುಂಡಿಯನ್ನು ತೆಗೆದುಹಾಕುವುದು ನನ್ನ ಪದ್ಧತಿ.

೭

ಬ್ಯಾಂಕಿನ ದಾಖಲೆಗಳನ್ನು ಎಷ್ಟು ಕಾಲ ಕಾಪಾಡಬೇಕೆಂಬುದಕ್ಕೆ ೧೯೮೫ರ ನಿಯಮಗಳುಂಟು. ದಾಖಲೆಯ ಬಗೆಗೆ ತಕ್ಕಂತೆ ಕನಿಷ್ಠ ೫ ವರ್ಷ, ಇಲ್ಲವೆ ೮ ವರ್ಷ. ಸಂಶೋಧಕನ ಕಡತಕ್ಕೆ ಅಂತಹ ಗಡುವಿಲ್ಲ. ಅದು ಅವನ ಆಯುಷ್ಯವನ್ನು ದಾಟಿ ಬಾಳಬೇಕಾದುದು. ಆದುದರಿಂದ ಸಂಗ್ರಹದ ಎರಡು ನಕಲುಗಳಾದರೂ ಬೇರೆಬೇರೆ ಡಿಸ್ಕುಗಳಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ ಇರಬೇಕು. ನಕಲು ಮೂಲಕ್ಕೆ ಸಮನಾಗಿದೆಯೇ ಎಂಬುದನ್ನು ತಾಳೆನೋಡಲು ಕಡತದ ಎಲ್ಲ ಬೈಟುಗಳಿಂದ ಒಂದು ಮುದ್ರಾಸಂಖ್ಯೆಯನ್ನು ಗಣಿಸುವ ಸೌಕರ್ಯವು ಟೋಟಲ್ ಕಮಾಂಡರಿನಂತಹ ಕಡತಪಾಲಕಗಳಲ್ಲಿದೆ; ಒಂದು ಬೈಟು ಕೆಟ್ಟರೂ ಸಂಖ್ಯೆ ಬೇರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಗ್ರಹದ ಮೊದಲ ಫೋಲ್ಡರಿನಲ್ಲಿಯೇ ‘೦೦_ಮೊದಲು ಓದಿ’ ಎಂಬ ಸರಳಪಠ್ಯದ ಕಡತವೊಂದನ್ನು ಇಟ್ಟು, ಹೆಸರಿನ ಕ್ರಮವನ್ನೂ ಸಂಕ್ಷೇಪಗಳ ಅರ್ಥವನ್ನೂ ಹತ್ತು ವಾಕ್ಯಗಳಲ್ಲಿ ಬರೆದಿಡಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡವನ್ನು ಮಾತನಾಡುತ್ತಾರೆ, ಓದಲಾರರು. ಅದೇ ವಿವರಣೆಯನ್ನು ಅವರು ಓದಬಲ್ಲ ಭಾಷೆಯಲ್ಲಿಯೂ ಬರೆದಿಡುವುದು ವಿವೇಕ.

ಹಿರಿಯರ ಆ ಡಿಸ್ಕಿನ ವಿಷಯ. ನಾವು ಮೂವರು ಸೇರಿ ಭಾನುವಾರಗಳಲ್ಲಿ ಕುಳಿತು, ಚಿತ್ರಗಳೊಳಗೆ ಕ್ಯಾಮರಾ ದಾಖಲಿಸಿದ್ದ ದಿನಾಂಕಗಳನ್ನು ಅವರ ಬಸ್ಸು ಚೀಟಿಗಳೊಡನೆಯೂ ಮನೆಖರ್ಚಿನ ಪುಸ್ತಕದೊಡನೆಯೂ ಹೋಲಿಸಿ, ಮುಕ್ಕಾಲು ಪಾಲು ಊರುಗಳನ್ನು ಗುರುತಿಸಿದ್ದೇವೆ. ಮಿಕ್ಕವು ‘ಊರು ತಿಳಿಯದವು’ ಎಂಬ ಫೋಲ್ಡರಿನಲ್ಲಿವೆ. ಅದರಲ್ಲೊಂದು ಚಿತ್ರದಲ್ಲಿ ಶಾಸನದ ಪಕ್ಕಕ್ಕೆ, ಅಳತೆಗೆಂದು ಇಟ್ಟ ಅವರದೇ ಕೊಡೆ ಇದೆ. ಹಿಂದೆ ಒಂದು ಹುಣಿಸೆಮರ. ಅಕ್ಷರಗಳು ಕನ್ನಡ, ಏಳು ಸಾಲುಗಳನ್ನು ಓದಬಹುದು. ಆ ಊರು ಯಾವುದೆಂದು ಬಲ್ಲವರು ವಾಚಕರಲ್ಲಿ ಯಾರಾದರೂ ಇರಬಹುದೆಂಬ ಆಶೆಯಿಂದ ಆ ಚಿತ್ರಗಳನ್ನು ಸಂಘದ ವಾಚನಾಲಯದಲ್ಲಿ ಇಡಲಾಗಿದೆ. ದಯವಿಟ್ಟು ಬಂದು ನೋಡಬೇಕು.